ಎರಡಕ್ಕೆರಡು ಇಪ್ಪತ್ತೆರಡು

ಎರಡಕ್ಕೆ ಎರಡು ಕೂಡಿಸಿದರೆ ಇಪ್ಪತ್ತೆರಡು ಎಂದು ಕಂಪ್ಯೂಟರು ಹೇಳಿದಾಗ ಗುಮಾಸ್ತನಿಗೆ ಕಣ್ಣು ಕತ್ತಲೆ ಬಂತು.

ಕಚೇರಿಯವರೆಲ್ಲ ಪ್ರೋಗ್ರಾಮ್ ಬರೆಯುವುದನ್ನು ಕಲಿಯಲೇಬೇಕೆಂದು ಸಾಹೇಬರು ಸಂಜೆ ತರಗತಿ ನಡೆಸುತ್ತಿದ್ದರು. ಇವತ್ತು ಪರೀಕ್ಷೆ. ಪ್ರತಿಯೊಬ್ಬರೂ ತಾವೇ ಬರೆದ ಕ್ಯಾಲ್ಕುಲೇಟರ್ ತೋರಿಸಬೇಕು. ಪಾಸಾದವರಿಗೆ ಬಿಡುಗಡೆ, ಫೇಲಾದವರಿಗೆ ಮತ್ತೆ ತರಗತಿ ಎಂದು ಎಲ್ಲರ ಬಾಯಲ್ಲೂ ಗುಸುಗುಸು. ಗುಮಾಸ್ತನಿಗೆ ಬೇಕಾದದ್ದು ಬಿಡುಗಡೆಯೇ. ಅವನ ಮಗಳು ಹೊಸದಾಗಿ ಹೆಜ್ಜೆ ಇಡುತ್ತಿದ್ದಳು. ಆ ಚೆಂದವನ್ನು ಅತ್ತೆ, ಮಾವ, ನಾದಿನಿ, ಕೊನೆಗೆ ಹಾಲಿನವನೂ ನೋಡಿಯಾಗಿತ್ತು. ಹೆತ್ತಪ್ಪ ಮನೆ ಸೇರುವಷ್ಟರಲ್ಲಿ ಮಾತ್ರ ಮಗು ಮಲಗಿರುತ್ತಿತ್ತು.

"ಇದೇನ್ರೀ ಮಹಾ!" ಎಂದು ಲೆಕ್ಕಿಗರು ಕುರ್ಚಿ ಎಳೆದುಕೊಂಡರು. "ಬರಬೇಕಾದದ್ದು ನಾಲ್ಕು, ಬಂದದ್ದು ಇಪ್ಪತ್ತೆರಡು. ಕೊನೇಲಿ ಹದಿನೆಂಟು ಕಳೆದುಬಿಡಿ. ವರ್ಷದ ಕೊನೇಲಿ ನಾವು ಹೊಂದಿಸೋದೂ ಹೀಗೇನೇ."

ಕಳೆದರು. ನಾಲ್ಕು ಬಂತು. ಆದರೆ ಮೂರಕ್ಕೆ ಮೂರು ಕೂಡಿಸಿದರೆ ಹದಿನೈದು ಬಂತು.

"ಮೂರಕ್ಕೆ ಬೇರೆ ಹೊಂದಾಣಿಕೆ," ಎಂದರು ಲೆಕ್ಕಿಗರು, ಒಂದಿಷ್ಟೂ ಅಳುಕದೆ.

ಗುಣಾಕಾರದ ಕತೆ ಇನ್ನೂ ಚೆನ್ನ. ಆರನ್ನು ಎರಡರಿಂದ ಗುಣಿಸಿದರೆ ಮೂರು, ಭಾಗಿಸಿದರೆ ಹನ್ನೆರಡು! ಟೈಪಿಸ್ಟ್ ಅಕ್ಕ ಬಗ್ಗಿ ನೋಡಿ ನಕ್ಕಳು. "ಅಯ್ಯೋ ತಮ್ಮಾ, ಗುಂಡಿಗಳ ಹೆಸರು ಅದಲುಬದಲು ಮಾಡು, ಆಯ್ತಲ್ಲ!" ಮಾಡಿದ. ಅವನು ನೀರು ಕುಡಿದು ಬರುವಷ್ಟರಲ್ಲಿ ಲೆಕ್ಕಿಗರೂ ಸುಮ್ಮನಿರಲಾರದೆ ಒಳಗಿನ ಲೆಕ್ಕವನ್ನೇ ಅದಲುಬದಲು ಮಾಡಿಟ್ಟಿದ್ದರು. ಆರೆರಡಲಿ ಮತ್ತೆ ಮೂರು.

ಸಾಹೇಬರ ಬೂಟಿನ ಸದ್ದು ಪಕ್ಕದ ಕೋಣೆಗೆ ಬಂತು. ಗುಮಾಸ್ತನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಕೈ ಮುಗೀತೀನಿ, ಇಬ್ಬರೂ ಆಚೆ ಹೋಗಿ!"

ಬಾಗಿಲು ಹಾಕಿಕೊಂಡು ಒಂದೊಂದೇ ಸಾಲು ಓದಿದ. ಗುಂಡಿಗಳ ಹೆಸರನ್ನು ಮೊದಲಿನಂತೆ ಮಾಡಿದ, ಗುಣಾಕಾರ ನೆಟ್ಟಗಾಯಿತು. ಹದಿನೆಂಟನ್ನು ಅಳಿಸಿದ. ಆಮೇಲೆ ಹೊಳೆಯಿತು: ಕಂಪ್ಯೂಟರು ಎರಡನ್ನು ಸಂಖ್ಯೆ ಎಂದುಕೊಂಡೇ ಇಲ್ಲ, ಅಕ್ಷರದಂತೆ ಒಂದರ ಪಕ್ಕ ಒಂದನ್ನು ಕೂರಿಸುತ್ತಿದೆ! ಮೊದಲು ಸಂಖ್ಯೆಯಾಗಿ ಬದಲಿಸು ಎಂದು ಒಂದು ಸಾಲು ಬರೆದ. ಎರಡಕ್ಕೆರಡು ನಾಲ್ಕು! ಗುಮಾಸ್ತ ಕುರ್ಚಿಯಲ್ಲೇ ಕುಣಿದುಬಿಟ್ಟ.

ಸಾಹೇಬರು ಬಂದವರೇ ಏಳನ್ನು ಸೊನ್ನೆಯಿಂದ ಭಾಗಿಸಿದರು. "ಸೊನ್ನೆಯಿಂದ ಭಾಗಿಸಲು ಆಗದು" ಎಂದು ಪರದೆ ವಿನಯದಿಂದ ಹೇಳಿತು.

"ಭೇಷ್! ಇಡೀ ಕಚೇರೀಲಿ ಪಾಸಾದವರು ನೀವೊಬ್ಬರೇ!"

ಗುಮಾಸ್ತ ಆಗಲೇ ಚೀಲ ಹೆಗಲಿಗೇರಿಸಿದ್ದ. "ಹಾಗಾದ್ರೆ ಉಳಿದವರು, ಸಾರ್?"

"ಅವರ ತಲೆಗೆ ಇದು ಹತ್ತಲ್ಲ ಬಿಡಿ. ನಾಳೆಯಿಂದ ಅವರಿಗೆ ತರಗತಿ ಇಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ಲಿ. ನಿಮ್ಮಂಥ ಬುದ್ಧಿವಂತರಿಗೆ ಮುಂದಿನ ಹಂತ. ಆರು ತಿಂಗಳು, ದಿನಾ ಸಂಜೆ. ಇವತ್ತೇ ಶುರು ಮಾಡೋಣ, ಕೂತ್ಕೊಳ್ಳಿ!"

ಹೊರಗೆ ಲೆಕ್ಕಿಗರು ಸಿಳ್ಳೆ ಹಾಕುತ್ತಾ ಮೆಟ್ಟಿಲಿಳಿಯುತ್ತಿದ್ದರು. ಟೈಪಿಸ್ಟ್ ಅಕ್ಕ ಬಾಗಿಲಲ್ಲಿ ಇಣುಕಿ ಅಕ್ಕರೆಯಿಂದ ಹೇಳಿದಳು:

"ತಮ್ಮಾ, ನಾನು ನಿಮ್ಮನೆ ದಾರೀಲೇ ಹೋಗೋದು. ಮಗು ಹೆಂಗೆ ನಡೆಯತ್ತೆ ಅಂತ ನೋಡ್ಕೊಂಡು ಬಂದು ನಾಳೆ ಹೇಳ್ತೀನಿ, ಆಯ್ತಾ?"