ತುಪ್ಪ ಬಿದ್ದ ಅಕ್ಷರ

ಮೈಕು ಕೈಕೊಡಬಹುದಿತ್ತು. ಫ್ಯಾನಿನ ಗಾಳಿಗೆ ಉದ್ಘಾಟನೆಯ ದೀಪ ಆರಬಹುದಿತ್ತು. ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ, ರಾಣೆಬೆನ್ನೂರಿನಿಂದ ಬಂದ ನನ್ನ ಮಾವನ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಒಟ್ಟಿಗೇ ಸೀನಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ಪದ ನನ್ನ ನಾಲಿಗೆಯ ಮೇಲೆ ಮಗುಚಿ ಬೀಳಬಹುದಿತ್ತು. ಬೇರೆಯವರು ಮಳೆ ಬಂದ ಮೇಲೆ ಕೊಡೆ ಹುಡುಕಿದರೆ, ಕೊಡೆಗೆ ತೂತು ಬಿದ್ದೀತೆಂದು ಬೇಸಿಗೆಯಲ್ಲೇ ನಿದ್ದೆಗೆಡುವ ಪೈಕಿ ನಾನು.

ಆ ಪದ ಓಟೊರೈನೊಲ್ಯಾರಿಂಗಾಲಜಿಸ್ಟ್. ನನ್ನ ಹೆಂಡತಿಯ ತಮ್ಮ ಬ್ಯಾಡಗಿಯಲ್ಲಿ ದವಾಖಾನೆ ತೆರೆಯುವವನಿದ್ದ. ಸಮಾರಂಭದ ನಿರೂಪಣೆ ನನ್ನದು. "ಕಿವಿ-ಮೂಗಿನ ಡಾಕ್ಟರ್ ಅಂದ್ರ ಸಾಲದೇನೋ?" ಎಂದೆ.

"ಬ್ಯಾಡ್ರಿ ಮಾಮಾ, ಪೂರಾ ಅನ್ರಿ. ನನ್ನ ಮಾರಿ ನೋಡಿ ಮಂದಿ ಇನ್ನೂ ಕಾಲೇಜ್ ಹುಡುಗ ಅಂತಾರ. ಆ ಶಬ್ದ ಕೇಳಿಯಾದ್ರೂ ಅಂಜಲಿ."

"ಅವನ ಮರ್ಯಾದಿ ಈಗ ನಿಮ್ಮ ನಾಲಗಿ ಮ್ಯಾಲ ಐತಿ, ನೋಡ್ರಿ" ಎಂದಳು ಹೆಂಡತಿ.

ಮೈದುನ ಪದವನ್ನು ಕಬ್ಬಿನಂತೆ ತುಂಡು ಮಾಡಿ ಕೊಟ್ಟ. ಓಟೊ ಎಂದರೆ ಕಿವಿ, ರೈನೊ ಮೂಗು, ಲ್ಯಾರಿಂಗ್ ಗಂಟಲು, ಬಾಲದಲ್ಲಿರುವುದು ಇವನ್ನೆಲ್ಲ ಬಲ್ಲವನು. ಹೇಳುವಾಗ ದನಿಯ ಒತ್ತು ಮಾತ್ರ 'ಗಾ' ಮೇಲೆಯೇ ಬೀಳಬೇಕು. ನನಗೆ ಹೊಟ್ಟೆಯುರಿದದ್ದು ಇಲ್ಲೇ. ನಮ್ಮ ಕನ್ನಡ ಪಂಕ್ತಿಯೂಟದ ಹಾಗೆ. ಎಲ್ಲ ಅಕ್ಷರಕ್ಕೂ ಒಂದೇ ಸೌಟು. ಇಂಗ್ಲಿಷು ಒಂದಕ್ಕೆ ತುಪ್ಪ ಸುರಿದು ಅಕ್ಕಪಕ್ಕದವನ್ನು ಉಪವಾಸ ಕೆಡವುತ್ತದೆ.

ಹಾವೇರಿಯಿಂದ ಹೊರಟ ಬಸ್ಸಿನಲ್ಲೂ ತಾಲೀಮು ನಡೆಯಿತು. ಕಿವಿ ಮುಟ್ಟಿ ಓಟೊ, ಮೂಗು ಮುಟ್ಟಿ ರೈನೊ, ಗಂಟಲು ಹಿಡಿದು ಲ್ಯಾರಿಂ, ಸೀಟಿನಿಂದ ಅರ್ಧ ಎದ್ದು ಗಾ! ಪಕ್ಕದಲ್ಲಿದ್ದ ಅಗಡಿಯ ಅಜ್ಜಿಗೆ ಕರುಳು ಚುರ್ರೆಂದಿತು. "ಮೂರೂ ಕೆಟ್ಟಾವೇನೋ ತಮ್ಮಾ? ಬ್ಯಾಡಗ್ಯಾಗ ಹೊಸಾ ಡಾಕ್ಟರ್ ಬಂದಾನಂತ. ಲಗೂ ಹೋಗಿ ತೋರ್ಸು."

ಸಮಾರಂಭದಲ್ಲಿ ಮೈಕು ಮಾತಾಡಿತು, ದೀಪ ಉರಿಯಿತು, ಒಬ್ಬರೂ ಸೀನಲಿಲ್ಲ. ಕಣ್ಣು ಮುಚ್ಚಿ ಶುರು ಮಾಡಿ, ಇದ್ದಬದ್ದ ತುಪ್ಪವನ್ನೆಲ್ಲ 'ಗಾ' ಮೇಲೆ ಸುರಿದೆ. ಚಪ್ಪಾಳೆ! "ಇನ್ನೊಮ್ಮೆ ಆಗ್ಲಿರಿ!" ಎಂದರು ಮೆಣಸಿನಕಾಯಿ ವ್ಯಾಪಾರಿಯೊಬ್ಬರು. ಇನ್ನೊಮ್ಮೆಯೂ ಆಯಿತು, ಮೊದಲಿಗಿಂತ ಜೋರಾಗಿ. ಮೈದುನ ಮದುಮಗನಂತೆ ಅರಳಿ ಎದ್ದು ನಿಂತ. ಉಳಿದದ್ದು ಅವನ ಹೆಸರೊಂದೇ. ಅದಕ್ಕೆ ತಾಲೀಮು ಮಾಡಿರಲಿಲ್ಲ. ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಮನೆಯಲ್ಲಿ ಕರೆಯುತ್ತ ಬಂದ ಹೆಸರೇ, ಮೈಕಿನಲ್ಲಿ, ಸ್ಪಷ್ಟವಾಗಿ ಹೊರಬಂತು: "ನಮ್ಮೆಲ್ಲರ ಹೆಮ್ಮೆಯ ಡಾಕ್ಟರ್ ಗುಂಡ್ಯಾ ಅವರು!"

ಅಂದಿನ ಊಟದಲ್ಲಿ ತುಪ್ಪ ಬಡಿಸುತ್ತ ಬಂದವಳು ನನ್ನ ಹೆಂಡತಿ. ಒತ್ತಿಲ್ಲದ ಅಕ್ಷರವನ್ನು ಇಂಗ್ಲಿಷಿನವರು ದಾಟುವಂತೆ ನನ್ನ ಎಲೆಯನ್ನು ದಾಟಿ ಹೋದಳು.