ಬಾವಿಯ ಗಡಗಡಿ, ತಮ್ಮನ ಉಗುರು

ತಪ್ಪು ಮಾಡುವವರು ಸದ್ದು ಮಾಡದ ಸಾಮಾನುಗಳ ನಡುವೆ ಇದ್ದು ಮಾಡಬೇಕು. ಇದು ನನ್ನ ಅನುಭವದ ಮಾತು. ಕೆಲವರು ಮಾಡಿದ ತಪ್ಪು ಜ್ವರವಾಗಿ ಕಾಡುತ್ತದೆ, ಕೆಲವರದು ಕನಸಾಗಿ ಕಾಡುತ್ತದೆ ಎಂದು ಪುರಾಣ ಹೇಳುವವರು ಹೇಳುತ್ತಾರೆ. ನನ್ನದು ಸೊಲ್ಲಾಪುರದ ನಮ್ಮ ವಾಡೆಯ ಅಂಗಳದ ಬಾವಿಯ ಮೇಲೆ ಹಗ್ಗ ಸುತ್ತಿಕೊಂಡು ಕೂತಿತ್ತು. ಬೆಳಗ್ಗೆ ಮೊದಲ ಕೊಡ ಇಳಿಬಿಟ್ಟರೆ ಸಾಕು, ಹಗ್ಗದ ರಾಟೆ, ಅಂದರೆ ನಮ್ಮ ಗಡಗಡಿ, ಯಾರೋ ಹಿಡಿದು ಬಡಿದಂತೆ ಕಿರುಚಿಕೊಳ್ಳುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿದರೆ ಊರು ಏಳುತ್ತದೆ, ನಮ್ಮ ಗಡಗಡಿ ಕೂಗಿದರೆ ಭೋಂಗಾ ಊದುವವನೇ ಏಳುತ್ತಾನೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಉಳಿದವರಿಗೆ ಅದು ಬರೀ ಸದ್ದು. ನನಗೊಬ್ಬಳಿಗೆ ಮಾತ್ರ ಅದು ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಅದನ್ನು ದುರಸ್ತಿ ಮಾಡಬಲ್ಲ ಕೈಗಳನ್ನು ಕಟ್ಟಿಹಾಕಿದವಳು ನಾನೇ ಆಗಿದ್ದೆ.

ನಾನು ಚಪಳಗಾಂವದ ಹೊಲಮನೆಯವರ ಮಗಳು. ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತೆ. ನಾಲ್ಕನೆಯದಕ್ಕೆ ಪಾಟಿ ಕೊಳ್ಳುವ ಬದಲು ಅಪ್ಪ ನನಗೆ ಕಾಲುಂಗುರ ಕೊಂಡ. ಹೀಗಾಗಿ ಈ ಬರಹದಲ್ಲಿ ಮೂರನೆಯ ಇಯತ್ತೆಗೆ ಮೀರಿದ ತಪ್ಪುಗಳೇನಾದರೂ ಕಂಡರೆ ಅವು ನಾನು ಸ್ವಂತ ಶ್ರಮದಿಂದ ಗಳಿಸಿದವು. ಕೊಟ್ಟ ಮನೆ ಸೊಲ್ಲಾಪುರದ ಸೀರೆ ವ್ಯಾಪಾರಿಗಳದು. ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಗುರಪ್ಪನನ್ನು ಇಂಗ್ರೇಜಿ ಸಾಲಿ ಕಲಿಯಲಿ ಎಂದು ಅಪ್ಪ ನಮ್ಮ ಮನೆಯಲ್ಲಿ ಬಿಟ್ಟಿದ್ದ. ಅವನು ಕಲಿತು ಅಕ್ಕಲಕೋಟ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಬೇಕು, ಕೋಟು ಹಾಕಿಕೊಂಡು ಎತ್ತಿನ ಗಾಡಿಯಿಂದ ಇಳಿಯಬೇಕು ಎಂಬುದು ಅಪ್ಪನ ಆಸೆ. ಅಪ್ಪನಿಗಿಂತ ಹೆಚ್ಚು ನನ್ನ ಆಸೆ.

ಗುರಪ್ಪನಿಗೆ ಪುಸ್ತಕ ತೆರೆದರೆ ನಿದ್ದೆ, ಬೀಗ ತೆರೆದರೆ ಎಚ್ಚರ. ಅತ್ತೆಯ ಹಿತ್ತಾಳೆಯ ಬೀಗ, ಅಂಗಡಿಯ ಹೊಲಿಗೆ ಯಂತ್ರ, ಬಚ್ಚಲಿನ ಬಾಗಿಲು, ಯಾವುದು ಕೆಟ್ಟರೂ ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿಗೆ ಎಲ್ಲಿ ನೋಯುತ್ತದೆಂದು ಕೇಳುವ ವೈದ್ಯನಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಗಡಗಡಿಯನ್ನಂತೂ ವರ್ಷಕ್ಕೆರಡು ಸಲ ಇಳಿಸಿ, ಒರೆಸಿ, ಎಣ್ಣೆ ಕುಡಿಸಿ ಮತ್ತೆ ಏರಿಸುತ್ತಿದ್ದ. ಅತ್ತೆಗೆ ಅವನನ್ನು ಕಂಡರೆ ತಮ್ಮ ಮಕ್ಕಳಿಗಿಂತ ಪ್ರೀತಿ. "ನಮ್ಮವರಿಗೆ ಸೀರಿ ಮಡಚೂದು ಬಿಟ್ಟರ ಏನೂ ಬರಂಗಿಲ್ಲ. ಗುರಪ್ಪನ ಕೈಯಾಗ ದೇವರದಾನ" ಎನ್ನುತ್ತಿದ್ದರು. ನನಗೆ ಮಾತ್ರ ಅವನ ಕೈಯಲ್ಲಿ ದೇವರು ಕಾಣಲಿಲ್ಲ, ಕರಿ ಉಗುರು ಕಂಡವು.

ಇದಕ್ಕೆ ಎರಡು ಕಾರಣ. ಒಂದು, ನಮ್ಮೂರ ಕಣ. ವರ್ಷವಿಡೀ ಬಡಿಗ, ಕಂಬಾರರು ನಮಗೆ ಕುಂಟೆ, ಕೂರಿಗೆ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದರು. ಅಪ್ಪ ರಾಶಿಯ ಪಕ್ಕ ನಿಂತು ಮೊರದಿಂದ ಹಾಕುವವನು, ಅವರು ಕಂಬಳಿ ಹಾಸಿ ಹಿಡಿಯುವವರು. ಸುತ್ತಿಗೆ ಹಿಡಿದವನು ಕಂಬಳಿ ಹಾಸಬೇಕಾದವನು ಎಂಬುದು ಹಾಗೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಡಿಗ ಎರಡು ದಿನ ಮುನಿಸಿಕೊಂಡರೆ ಅಪ್ಪನೇ ಅವನ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದದ್ದೂ ನೋಡಿದ್ದೆ. ಅದು ತಲೆಯಲ್ಲಿ ಕೂರಲಿಲ್ಲ. ಎರಡನೆಯ ಕಾರಣ ಇದೇ ಮನೆಯ ಇನ್ನೊಬ್ಬ ಸೊಸೆ, ನನ್ನ ನೆಗೆಣ್ಣಿಯ ಅಣ್ಣ. ಆತ ತಲಾಠಿ, ಊರಿನ ಲೆಕ್ಕಪತ್ರ ಬರೆಯುವ ಸರಕಾರಿ ನೌಕರ. ತಂಗಿಯ ಮನೆಗೆ ಬಂದಾಗಲೆಲ್ಲ ಜರಿಯ ರುಮಾಲು, ಕಿಸೆಯಲ್ಲಿ ಲೇಖಣಿ. ಊಟಕ್ಕೆ ಅವನಿಗೆ ಗಂಡಸರ ಸಾಲಿನ ಮೊದಲ ಮಣೆ, ಹಿತ್ತಾಳೆಯ ಹೂ ಬಡಿದದ್ದು. ಅವನ ಮಗ್ಗುಲಲ್ಲಿ ಗುರಪ್ಪ ಹೊಲಿಗೆ ಯಂತ್ರದ ಜಿಡ್ಡು ಮೆತ್ತಿದ ಬೆರಳುಗಳಿಂದ ರೊಟ್ಟಿ ಮುರಿಯುತ್ತಿದ್ದರೆ, ನೆಗೆಣ್ಣಿ ನನ್ನ ಕಡೆ ನೋಡುತ್ತಿದ್ದಳು. ಬಾಯಿಬಿಟ್ಟು ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಗುರಪ್ಪ ಸುಗ್ಗಿಗೆಂದು ಊರಿಗೆ ಹೋಗಿದ್ದ ಒಂದು ದಿನ ಮಿಲ್ಲಿನ ಫಿಟರ್ ಮೇಸ್ತ್ರಿಯೊಬ್ಬ ನಮ್ಮ ಬಾಗಿಲಿಗೆ ಬಂದ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

"ಗುರಪ್ಪ ಅದಾನೇನ್ರಿ, ಅಕ್ಕಾರ?"

"ಊರಿಗೆ ಹೋಗ್ಯಾನ್ರಿ. ಯಾಕ್ರಿ?" ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ.

"ನಿಮ್ಮ ಓಣಿಯ ಹಿಟ್ಟಿನ ಗಿರಣಿ ಬಂದ್ ಬಿದ್ದಿತ್ತಲ್ರಿ, ಅದರ ಇಂಜಿನ್ನಿಗೆ ಕಿವಿ ಹಚ್ಚಿ ಕೇಳಿ ರೋಗ ಹಿಡದಾನ ಈ ಹುಡುಗ. ನನ್ನ ಕೈಯಾಗಿನ ಹುಡುಗರಿಗೆ ಕಣ್ಣಿಗೆ ಕಂಡದ್ದೂ ತಿಳಿಯಂಗಿಲ್ಲ. ಸಾಹೇಬರಿಗೆ ಹೇಳಿ ಒಂದು ಜಾಗಾ ಹಿಡದೀನಿ. ಬರೂ ಸೋಮವಾರ ಮೊದಲನೇ ಭೋಂಗಾಕ್ಕ ಗೇಟಿನ ಮುಂದ ಇರು ಅನ್ರಿ. ಮರೀಬ್ಯಾಡ್ರಿ ಮತ್ತ."

"ಮರಿಯಂಗಿಲ್ರಿ" ಎಂದೆ.

ಆ ಮಾತಿಗೆ ಮಾತ್ರ ನಾನು ತಪ್ಪಲಿಲ್ಲ. ನಾಲ್ಕು ವರ್ಷ ಒಂದು ದಿನವೂ ಮರೆಯಲಿಲ್ಲ. ಹೇಳಲೂ ಇಲ್ಲ. ಶನಿವಾರ ಗುರಪ್ಪ ಬಂದ, ನಾನು ಹೋಳಿಗೆ ಮಾಡಿದೆ. ರವಿವಾರ ಅವನ ತಲೆಗೆ ಎಣ್ಣೆ ಹಚ್ಚಿ ಎರೆದೆ. ಸೋಮವಾರ ಭೋಂಗಾ ಕೂಗಿದಾಗ ಅವನು ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದ್ದ. ನಾನು ಅಡುಗೆಮನೆಯಲ್ಲಿ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದೆ. ಎರಡು ದಿನ ಬಿಟ್ಟು ಅತ್ತೆ, "ಹುಡುಗ ಮಿಲ್ಲಿಗೆ ಒಲ್ಲೆ ಅಂದನೇನ, ಗಂಗವ್ವ?" ಎಂದರು. "ಹ್ಞೂಂ" ಎಂದೆ. ಮೂರನೆಯ ಇಯತ್ತೆಯಲ್ಲಿ ನಮ್ಮ ಗುರುಗಳು ಉತ್ತರ ಚಿಕ್ಕದಾಗಿರಬೇಕು ಎಂದು ಕಲಿಸಿದ್ದರು.

ಗುರಪ್ಪ ಅಕ್ಕಲಕೋಟದ ಕಚೇರಿ ಸೇರಿದ. ಕಾರಕೂನನಾಗಿ ಅಲ್ಲ, ಉಮೇದವಾರನಾಗಿ. ಉಮೇದವಾರನೆಂದರೆ ಕಾರಕೂನನ ಕೆಲಸವನ್ನೆಲ್ಲ ಮಾಡಿ, ಕಾರಕೂನನ ಸಂಬಳವನ್ನು ಕಾರಕೂನನಿಗೇ ಬಿಡುವವನು. ಇಂದು ಜಾಗ ಖಾಲಿಯಾಗುತ್ತದೆ, ನಾಳೆ ಯಾರೋ ಸಾಯುತ್ತಾರೆ ಎಂದು ಕಾಯಬೇಕು. ಅಲ್ಲಿಯವರೆಲ್ಲ ಗಟ್ಟಿಮುಟ್ಟಾಗಿದ್ದರು. ಗುರಪ್ಪನ ಅಕ್ಷರ ಕೋಳಿ ಕೆದರಿದ ಹಾಗೆ. ಬರೆದದ್ದನ್ನೇ ಮತ್ತೆ ಬರೆಸುತ್ತಿದ್ದರು. ಎರಡನೆಯ ವರ್ಷ ಒಂದು ಅನಾಹುತ ಮಾಡಿಕೊಂಡ. ಕಚೇರಿಯ ಗೋಡೆ ಗಡಿಯಾರ ಎಷ್ಟೋ ವರ್ಷಗಳಿಂದ ಅರ್ಧ ತಾಸು ಹಿಂದೆ ನಡೆಯುತ್ತಿತ್ತಂತೆ. ಯಾರಿಗೂ ತಕರಾರಿರಲಿಲ್ಲ, ಎಲ್ಲರೂ ಅದರ ಜೊತೆಗೇ ಹಿಂದೆ ನಡೆಯುತ್ತಿದ್ದರು. ಇವನ ಕೈ ಸುಮ್ಮನಿರಬೇಕಲ್ಲ? ಒಂದು ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದಾಗ ಸ್ಟೂಲು ಹತ್ತಿ ಅದನ್ನು ಸರಿಮಾಡಿಬಿಟ್ಟ. ಮರುದಿನ ಶಿರಸ್ತೇದಾರರಿಂದ ಹಿಡಿದು ಜವಾನನವರೆಗೆ ಇಡೀ ಕಚೇರಿ ತಡವಾಗಿ ಬಂದಂತಾಯಿತು. ಅವತ್ತಿನಿಂದ ಅವನಿಗೆ ಯಾರೂ ಎಲೆ ಅಡಿಕೆ ಕೊಡಲಿಲ್ಲ. ಗಡಿಯಾರವನ್ನು ಮತ್ತೆ ಕೆಡಿಸಲು ಹುಕುಂ ಆಯಿತು. "ಕೆಡಸೂದು ನನಗ ಬರಂಗಿಲ್ಲಕ್ಕಾ" ಎಂದು ನನ್ನ ಮುಂದೆ ಹೇಳಿದಾಗ ನಾನು ಜೋರಾಗಿ ನಕ್ಕೆ. ಅವನು ನಗಲಿಲ್ಲ. ಅಂದಿನಿಂದ ಅವನು ಯಾವ ಸಾಮಾನನ್ನೂ ಮುಟ್ಟುವುದನ್ನು ಬಿಟ್ಟ. ಉಗುರು ಬೆಳ್ಳಗಾದವು. ನನಗೆ ಬೇಕಾದದ್ದು ಅದೇ ಆಗಿತ್ತು; ಸಿಕ್ಕಮೇಲೆ ನೋಡಲಾಗುತ್ತಿರಲಿಲ್ಲ.

ಗಡಗಡಿ ಕಿರುಚಲು ಸುರುಮಾಡಿದ್ದು ಆ ಹೊತ್ತಿಗೆ. ಇವರು, ಅಂದರೆ ನಮ್ಮ ಮನೆಯವರು, ಬಾವಿಯ ಸುತ್ತ ಎರಡು ಸುತ್ತು ಬಂದು, "ಎಣ್ಣಿ ಬೇಕಾಗಿರಬೇಕು" ಎಂದು ಅಂಗಡಿಗೆ ಹೋದರು. ನಾನು ಅಡುಗೆಯ ಕುಸುಬಿ ಎಣ್ಣೆ ಹಾಕಿದೆ. ಎರಡು ದಿನದಲ್ಲಿ ಅದು ಅಂಟಾಗಿ, ಧೂಳು ಹಿಡಿದು, ದನಿ ಇನ್ನಷ್ಟು ಏರಿತು. ಔಡಲೆಣ್ಣೆ ಹಾಕಿದೆ, ಒಂದು ವಾರ ನರಳಿತು. ಕೊನೆಗೆ ಬೆಣ್ಣೆ ಹಚ್ಚಿದೆ; ಬೆಕ್ಕು ಬಾವಿಗೆ ಬಿತ್ತು. ಬೆಕ್ಕನ್ನು ಬುಟ್ಟಿ ಇಳಿಬಿಟ್ಟು ಮೇಲೆತ್ತಿದ್ದೂ ಅದೇ ಗಡಗಡಿ. ಬೆಕ್ಕು, ಗಡಗಡಿ ಎರಡೂ ಕೂಡಿ ಕಿರುಚಿದ್ದನ್ನು ಕೇಳಿ ನೆಗೆಣ್ಣಿಗೆ ತಲೆಶೂಲೆ ಬಂತು, ಅದೊಂದೇ ಲಾಭ.

ಮೇಸ್ತ್ರಿ ಬಂದುಹೋಗಿ ನಾಲ್ಕು ವರ್ಷವಾದ ಮೇಲೆ, ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಗುರಪ್ಪ ಬಂದ. ಕಾಲಿಗೆ ನೀರು ಕೊಡಲು ನಾನು ಕೊಡ ಇಳಿಬಿಟ್ಟೆ. ಗಡಗಡಿ ಚೀರಿತು. ಅವನು ಕೋಟಿನ ಕಿಸೆಯಲ್ಲಿ ಎರಡೂ ಕೈ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೇ ಇದ್ದ.

"ಸ್ವಲ್ಪ ನೋಡಬಾರದೇನೋ, ತಮ್ಮಾ?" ಎಂದೆ.

"ಕಾರಕೂನರ ಕೈ ಅಕ್ಕಾ ಇದು. ಹೊಲಸು ಮಾಡ್ಕೋಬ್ಯಾಡ ಅಂತ ನೀನೇ ಹೇಳಿದ್ದಿಯಲ್ಲ."

ಅತ್ತೆ ಜಪಮಣಿ ಬಿಟ್ಟು ತಲೆಯೆತ್ತಿದರು. "ಸುಡ್ಲಿ ನಿನ್ನ ಕಾರಕೂನಕಿ! ಅವತ್ತ ಆ ಮೇಸ್ತ್ರಿ ಮನೀತನಕ ಬಂದು ಮಿಲ್ಲಿಗೆ ಕರದಾಗ ಒಲ್ಲೆ ಅಂದಿ. ಇವತ್ತ ಫಿಟರ್ ಆಗಿರ್ತಿದ್ದಿ."

"ಯಾವ ಮೇಸ್ತ್ರಿ, ಅತ್ತಿ?"

ಅತ್ತೆ ನನ್ನ ಕಡೆ ನೋಡಿದರು. ಗುರಪ್ಪನೂ ನೋಡಿದ. ಕೊಡ ಅರ್ಧಕ್ಕೆ ಬಂದಿತ್ತು. ಹಗ್ಗ ಬಿಡುವಂತಿಲ್ಲ, ಎಳೆದರೆ ಗಡಗಡಿ ಚೀರುತ್ತದೆ. ಹಾಗೇ ಹಿಡಿದುಕೊಂಡು ನಿಂತೆ. ಬಾವಿಕಟ್ಟೆಯ ಮೇಲೆ ನಿಂತೇ ಎಲ್ಲ ಹೇಳಿದೆ: ಭೋಂಗಾ, ಸೋಮವಾರ, ಹೋಳಿಗೆ, ಹ್ಞೂಂ. ಹಿತ್ತಾಳೆ ಹೂವಿನ ಮಣೆಯನ್ನೂ ಹೇಳಿದೆ. ಅಷ್ಟು ಹೇಳುವಾಗ ಅದು ಎಷ್ಟು ಸಣ್ಣ ಮಣೆ ಎಂದು ಗೊತ್ತಾಯಿತು.

ಗುರಪ್ಪ ಎದ್ದು ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಕೊಡ ಮೇಲೆತ್ತಿದ. ಕಾಲು ತೊಳೆಯಲಿಲ್ಲ. "ನಾಲ್ಕು ವರ್ಷ ಅಕ್ಕಾ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವತ್ತಿನ ಮಧ್ಯಾಹ್ನ ನಾನು ಎಷ್ಟು ಸಲ ಬಾಗಿಲಿಗೆ ಹೋಗಿ ಬಂದೆನೋ. ಉಂಡೆ ಕಟ್ಟಲು ಕೂತು ಶೇಂಗಾ ಪುಡಿಗೆ ಬೆಲ್ಲದ ಬದಲು ಉಪ್ಪು ಹಾಕಿದೆ. ಅತ್ತೆ ಬೈಯಲಿ ಎಂದು ಅವರ ಮುಂದೆಯೇ ಎರಡು ಸಲ ತಂಬಿಗೆ ಬೀಳಿಸಿದೆ, ಅವರು ಜಪಮಣಿ ಎಣಿಸುತ್ತಲೇ ಇದ್ದರು. ಸಂಜೆಯ ಭೋಂಗಾ ಕೂಗಿ ಸ್ವಲ್ಪ ಹೊತ್ತಿಗೆ ಗುರಪ್ಪ ಬಂದ. ಕೋಟು ಹೆಗಲ ಮೇಲಿತ್ತು.

"ಮೇಸ್ತ್ರಿ ಸಿಕ್ಕಿದ್ದ. ಆ ಜಾಗಾ ಅವಾಗೇ ಹೋತಂತ. ಈಗ ಸಣ್ಣ ಹುಡುಗರ ಕೂಡ ನಿಂತು ಕಬ್ಬಿಣ ಉಜ್ಜೂದರಿಂದ ಸುರು ಮಾಡಬೇಕಂತ. ಆರು ತಿಂಗಳ ಪಗಾರ ಇಲ್ಲಂತ."

"ನೀ ಏನಂದಿ?"

"ಪಗಾರಿಲ್ಲದ ಕೆಲಸ ನನಗ ಚೊಲೋ ರೂಢಿ ಆಗೈತ್ರಿ ಅಂದೆ."

ಅತ್ತೆ ಮೊದಲು ನಕ್ಕರು. ಆಮೇಲೆ ಅವನು. ನಾನು ನಗಬಹುದೋ ಇಲ್ಲವೋ ತಿಳಿಯದೆ ಉಪ್ಪಿನುಂಡೆ ತಿಂದೆ. ಆ ವರ್ಷ ಪಂಚಮಿಗೆ ನಾನು ತವರಿಗೆ ಹೋಗಲಿಲ್ಲ. ಮಗ ಕಚೇರಿ ಬಿಟ್ಟ ಸಿಟ್ಟಿಗೆ ಅಪ್ಪ ಮುಂದಿನ ಪಂಚಮಿಗೂ ಕರೆಯಲಿಲ್ಲ.

ಗಡಗಡಿಯನ್ನು ಮಾತ್ರ ಗುರಪ್ಪ ದುರಸ್ತಿ ಮಾಡಿಕೊಡಲಿಲ್ಲ. ಒಂದು ರವಿವಾರ ನನ್ನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟು, "ಹತ್ತು, ಅಕ್ಕಾ" ಎಂದ. ಸೆರಗು ಕಟ್ಟಿಕೊಂಡು ಬಾವಿಕಟ್ಟೆ ಹತ್ತಿದೆ. "ಎಣ್ಣಿದಲ್ಲ ಕಸರು, ಅಚ್ಚು ಸವದೈತಿ. ಹೊಸಾದು ತಂದೀನಿ. ಹಳೇದು ಬಿಚ್ಚು. ಆ ಕಡಿ ಅಲ್ಲ, ಈ ಕಡಿ. ಉಗುರು ನೋಡ್ಕೋಬ್ಯಾಡ, ಅಚ್ಚು ನೋಡು!" ಅರ್ಧ ದಿನ ಹಿಡಿಯಿತು. ಮುಗಿದ ಮೇಲೆ ಕೊಡ ಇಳಿಬಿಟ್ಟರೆ ಹಗ್ಗದ ಸದ್ದೂ ಇಲ್ಲ. ನನ್ನ ಹತ್ತು ಉಗುರುಗಳೂ ಕರ್ರಗಾಗಿದ್ದವು, ಅಂದು ಮಧ್ಯಾಹ್ನ ಅದೇ ಕೈಯಿಂದ ಬಡಿಸಿದೆ. ಅಷ್ಟು ಸುಖದ ಅರ್ಧ ದಿನ ನನ್ನ ಬಾಳಿನಲ್ಲಿ ಹೆಚ್ಚು ಇಲ್ಲ. ಅಂಥ ನಾಲ್ಕು ವರ್ಷಗಳನ್ನು ನಾನು ಅವನಿಂದ ಕಿತ್ತುಕೊಂಡಿದ್ದೆ ಎಂದು ಅಂದು ತಿಳಿಯಿತು.

ಈಗ ಓಣಿಯಲ್ಲಿ ಯಾವ ತಾಯಿ ಬಂದು, "ನಮ್ಮ ಹುಡುಗ ಬೀಗ ಬಿಚ್ಚಿ ಹಾಳು ಮಾಡ್ಯಾನ್ರಿ" ಎಂದರೂ, "ಇನ್ನೊಂದು ಬೀಗ ಕೊಡ್ರಿ, ತಾಯಿ. ಕೈಯಾಗ ಕಸಬು ಇದ್ದವನು ಯಾರು ಸಾಯ್ತಾರ ಅಂತ ಕಾಯಬೇಕಾಗಿಲ್ಲ" ಎನ್ನುತ್ತೇನೆ. ಇಬ್ಬರು ಹುಡುಗರನ್ನು ನಾನೇ ಮೇಸ್ತ್ರಿಯ ಹತ್ತಿರ ಕಳಿಸಿದ್ದೇನೆ. ಇಷ್ಟಕ್ಕೇ ಮುಗಿಸಿದ್ದರೆ ನೀವು ನನ್ನನ್ನು ಒಳ್ಳೆಯವಳೆಂದು ತಿಳಿಯುತ್ತಿದ್ದಿರಿ. ಆದರೆ ಇದು ತಪ್ಪೊಪ್ಪಿಗೆ.

ಮೊನ್ನೆ ಗುರಪ್ಪ ಪೂರಾ ಫಿಟರ್ ಆದ. ಆ ಸಂತೋಷಕ್ಕೆ ಊಟಕ್ಕೆ ಕರೆದಿದ್ದೆ. ಅವತ್ತೇ ನೆಗೆಣ್ಣಿಯ ಅಣ್ಣ ಜರಿ ರುಮಾಲಿನೊಂದಿಗೆ ಬಂದ. ಮಣೆ ಹಾಕುತ್ತ ಬಂದೆ. ಊಟ ನನ್ನ ತಮ್ಮನದು. ಆದರೂ ನನ್ನ ಕೈ, ನನ್ನನ್ನು ಕೇಳದೆ, ಹಿತ್ತಾಳೆ ಹೂವಿನ ಮಣೆಯನ್ನು ತಲಾಠಿಗೆ ಹಾಕಿ, ಒಂದು ಕಾಲು ಅಲುಗಾಡುವ ಹಳೆಯ ಮಣೆಯನ್ನು ಸಾಲಿನ ತುದಿಯಲ್ಲಿ, ಬಾಗಿಲ ಸಂದಿಯಲ್ಲಿ, ಗುರಪ್ಪನಿಗೆ ಹಾಕಿತ್ತು.

ಗುರಪ್ಪ ಅದರ ಮೇಲೆ ಕೂತ. ಮಣೆ ಅಲುಗಿತು. ನನ್ನ ಮುಖ ನೋಡಿದ. ಎದ್ದು ಅದನ್ನು ಬೋರಲು ಹಾಕಿ, ಕಟ್ಟಿಗೆಯ ಒಂದು ಚೂರು ಕೇಳಿ ಇಸಿದುಕೊಂಡು, ಕಾಲಿನ ಸಂದಿಗೆ ಬೆಣೆ ಬಡಿದ. ಎಲ್ಲರ ಎಲೆಯಲ್ಲೂ ಅನ್ನ ಕಾಯುತ್ತಿತ್ತು. ಮಣೆಯನ್ನು ಎರಡು ಸಲ ಒತ್ತಿ ನೋಡಿ, "ಈಗ ಗಟ್ಟಿ ಆತು" ಎಂದು, ಅಲ್ಲೇ ಬಾಗಿಲ ಸಂದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಮುರಿದ. ತಲಾಠಿ, "ಗುರಪ್ಪನವರ, ನಮ್ಮ ಮನಿಯಾಗ ಒಂದು ಗಡಿಯಾರ ಕೆಟ್ಟೈತ್ರಿ" ಎಂದು ಸುರುಮಾಡಿದ.

ನಮ್ಮ ಮನೆಯಲ್ಲಿ ಈಗ ಅಲುಗಾಡುವ ಮಣೆ ಇಲ್ಲ, ಚೀರುವ ಗಡಗಡಿ ಇಲ್ಲ. ದುರಸ್ತಿಯಾಗದೆ ಉಳಿದ ಸಾಮಾನು ಒಂದೇ. ಅದು ದಿನಾ ಬೆಳಗ್ಗೆ ಎದ್ದು, ಸೆರಗು ಕಟ್ಟಿಕೊಂಡು, ಗಡಗಡಿಗೆ ಎಣ್ಣೆ ಹಾಕಿ, ಯಾರಾದರೂ ನೋಡುವ ಮುಂಚೆ ಉಗುರು ತೊಳೆದುಕೊಳ್ಳುತ್ತದೆ.