ಫೋನೆತ್ತುವವಳ ಪ್ರಾಣಸಂಕಟ

ನಮ್ಮ ಆಫೀಸಿಗೆ ಹೊಸದೇನೇ ಬರಲಿ, ಅದು ಮೊದಲು ಬಂದು ಕೂರುವುದು ನನ್ನ ಎದೆಯ ಮೇಲೆ. ಸಿಸಿ ಕ್ಯಾಮೆರಾ ಹಾಕಿಸಿದಾಗ ಎಷ್ಟೋ ದಿನ ನಾನು ಬಾಯಿ ತೆರೆದು ಆಕಳಿಸಲಿಲ್ಲ. ಆದರೆ ಕ್ಲೌಡ್ ಫೋನ್ ಬರುತ್ತದೆ ಎಂದಾಗ ಹೆದರಿದಷ್ಟು ಯಾವತ್ತೂ ಹೆದರಿಲ್ಲ.

ಗುಡಗೇರಿಯಲ್ಲಿ ನಮ್ಮ ಸಾವಕಾರರದು ಕಾಳು ಒಕ್ಕುವ ರಾಶಿ ಮಷಿನ್ನು ಬಾಡಿಗೆಗೆ ಕೊಡುವ ವ್ಯವಹಾರ. ಫೋನ್ ಎತ್ತಿ, ಯಾರ ಹೊಲಕ್ಕೆ ಯಾವತ್ತು ಮಷಿನ್ನು ಹೋಗಬೇಕೆಂದು ಗೊತ್ತುಮಾಡುವವಳು ನಾನು. ಕಡಲೆ ಸುಗ್ಗಿ ಬಂತೆಂದರೆ ಒಂದೇ ನಂಬರಿಗೆ ಸುತ್ತಲಿನ ಊರುಗಳೆಲ್ಲ ಮುಗಿಬೀಳುತ್ತವೆ. ಲೈನ್ ಸಿಗದವರು ಬೇರೆಯವರ ಮಷಿನ್ನು ಹಿಡಿಯುತ್ತಾರೆ. ಹೀಗಿರುವಾಗ ಸಾವಕಾರರು ಹುಬ್ಬಳ್ಳಿಯಲ್ಲಿ ಒಂದು ಸುದ್ದಿ ಕೇಳಿಕೊಂಡು ಬಂದರು. ಇಂಟರ್‌ನೆಟ್ಟಿನಲ್ಲಿ ನಡೆಯುವ ಫೋನಂತೆ, ಎಷ್ಟು ಜನ ಒಟ್ಟಿಗೆ ಮಾಡಿದರೂ ಎಂಗೇಜ್ ಬರುವುದಿಲ್ಲವಂತೆ.

"ಎತ್ತಾಕ ಮಂದೀನ ಬ್ಯಾಡಂತ ತಂಗಿ," ಎಂದು ನನ್ನ ಮುಖ ನೋಡಿಕೊಂಡೇ ಹೇಳಿದರು. "ಮೂರು ಕಂಪನ್ಯಾವ್ರು ಬರ್ತಾರ. ಫೋನಿನ ಕೆಲಸ ನಿನಗ ಗೊತ್ತೈತಿ. ಚಲೋದು ಯಾವ್ದು ನೋಡಿ ನೀನ ಆರಿಸು."

ಕುರಿಗೇ ಕತ್ತಿ ಆರಿಸಲು ಹೇಳಿದಂತಾಯಿತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಂಬಳದ ಕೆಲಸ ನಮ್ಮೂರಲ್ಲಿ ಇನ್ನೊಂದು ಸಿಗುವುದಿಲ್ಲ. "ಹೂಂರಿ" ಎಂದೆ. ಅವತ್ತು ಊಟ ಸೇರಲಿಲ್ಲ.

೧. ಸಾವಕಾರರ ಪಾಳಿ

ಮೊದಲ ಕಂಪನಿಯವನು ಲ್ಯಾಪ್‌ಟಾಪು ಬಿಚ್ಚಿ, ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. "ಎಲ್ಲಾರೂ ಒಮ್ಮಿಗೇ ಫೋನ್ ಹಚ್ಚಿ ನೋಡ್ರಿ" ಎಂದ. ಅಂಗಳದಿಂದ ಇಬ್ಬರು ಡ್ರೈವರುಗಳು ಹಚ್ಚಿದರು, ಕುರ್ಚಿಯಲ್ಲಿ ಕೂತೇ ಸಾವಕಾರರೂ ಹಚ್ಚಿದರು. ಅವರ ಫೋನಿನಿಂದ ಸಣ್ಣಗೆ ಮಾತು ಕೇಳಿಸಿತು: "ನಿಮ್ಮ ಕರೆ ನಮಗೆ ಅಮೂಲ್ಯ. ಸಾಲಿನಲ್ಲಿ ನೀವು ಮೂರನೆಯವರು." ಹಿಂದೆಯೇ ಕೊಳಲಿನ ಸಂಗೀತ.

ಮೊದಲನೇ ಡ್ರೈವರು ಇದೇ ಸಮಯವೆಂದು ನನ್ನ ಹತ್ತಿರ ರಜೆ ಕೇಳತೊಡಗಿದ. ಅವನ ಅತ್ತಿಗೆಯ ಸೀಮಂತದ ಕಥೆ ಮುಗಿಯುವಂತಿರಲಿಲ್ಲ. ಎದುರಿಗೆ ಸಾವಕಾರರು ಕೊಳಲು ಕೇಳುತ್ತ ನನ್ನನ್ನೇ ನೋಡುತ್ತಿದ್ದರು. ಕಟ್ ಮಾಡುವ ಬಟನ್ ಯಾವುದೆಂದು ಗೊತ್ತಾಗದೆ ನಾನು ಬೆವತುಹೋದೆ.

"ನನ್ನ ಆಫೀಸಿನ್ಯಾಗ ನನಗ ಪಾಳಿ ಏನಪಾ?" ಎಂದರು ಸಾವಕಾರರು.

"ನಮ್ಮ ಸಿಸ್ಟಮ್ಮಿಗೆ ಎಲ್ಲಾರೂ ಒಂದರಿ ಸರ್" ಎಂದು ಅವನು ಹೆಮ್ಮೆಯಿಂದ ಹೇಳಿದ.

"ಹಂಗಾದ್ರ ಈ ತಿಂಗಳದ ಇವರ ಪಗಾರ ನಿಮ್ಮ ಸಿಸ್ಟಮ್ಮ ಕೊಡ್ಲಿ."

೨. ನಂದು ಇನ್ನೂ ಬಂದಿಲ್ಲ

ಎರಡನೆಯ ಕಂಪನಿಯ ಫೋನು ಆಡಿದ ಮಾತನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿತ್ತು. ಕೆಲವು ದಿನ ಪುಕ್ಕಟೆ ನಡೆಸಿ ನೋಡಿರೆಂದು ಬಿಟ್ಟುಹೋದರು. ನನಗೆ ನಾಲಿಗೆಯೇ ಹೊರಳದಾಯಿತು. ಮಷಿನ್ನು ಎಲ್ಲಿದೆ ಎಂದು ಯಾರು ಕೇಳಿದರೂ "ದಾರ್ಯಾಗ ಐತ್ರಿ" ಎನ್ನುವುದು ನಮ್ಮ ವ್ಯವಹಾರದ ರೂಢಿ. ರೆಕಾರ್ಡ್ ಆಗುತ್ತದೆಂಬ ಹೆದರಿಕೆಗೆ ಒಬ್ಬ ಗಿರಾಕಿಗೆ ನಿಜ ಹೇಳಿಬಿಟ್ಟೆ: "ಶೆಡ್ಡಿನ್ಯಾಗ ಐತ್ರಿ ಕಾಕಾ, ಗಾಲಿ ಬಿಚ್ಚೇತಿ."

"ಚ್ಯಾಷ್ಟಿ ಬಿಡವಾ," ಎಂದರು ಅವರು. "ದಾರ್ಯಾಗ ಎಲ್ಲೀಮಟಾ ಬಂತು, ಅದನ್ನ ಹೇಳು."

ನನ್ನದು ಹೀಗಾದರೆ, ರೇಟು ಮಾತಾಡುವ ಸಾವಕಾರರದು ಇನ್ನೊಂದು. ಕಂಪನಿಯವನು ಮತ್ತೆ ಬಂದಾಗ ಆಫೀಸಿನಲ್ಲಿ ಇಬ್ಬರು ರೈತರೂ ಕೂತಿದ್ದರು. ಧ್ವನಿ ಎಷ್ಟು ಸ್ವಚ್ಛ ಇದೆ ಕೇಳಿರೆಂದು ಅವನು ರೆಕಾರ್ಡಾದ ಕರೆಗಳನ್ನು ಜೋರಾಗಿ ಹಚ್ಚಿದ. ಸಾವಕಾರರ ಧ್ವನಿ: "ನಿಮಗೊಬ್ಬರಿಗೇ ಈ ರೇಟ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ." ಮುಂದಿನ ಕರೆಯಲ್ಲೂ ಅದೇ ಮಾತು, ಬೇರೆ ರೇಟು. ಅದರ ಮುಂದಿನದರಲ್ಲೂ ಅದೇ. ಬಂದ್ ಮಾಡೆಂದು ಸಾವಕಾರರು ಕೈಸನ್ನೆ ಮಾಡಿದರೆ, ಜೋರು ಮಾಡೆಂದು ತಿಳಿದು ಅವನು ಜೋರು ಮಾಡಿದ.

ಇಬ್ಬರಲ್ಲಿ ಒಬ್ಬ ರೈತ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತ. "ಹಚ್ಚಪಾ, ಮುಂದಿಂದು ಹಚ್ಚು. ನಂದು ಇನ್ನೂ ಬಂದಿಲ್ಲ."

೩. ಫೋನಿನ್ಯಾಗಿನಾಕಿ

ಮೂರನೆಯದರಲ್ಲಿ ಪಾಳಿ ಇಲ್ಲ, ರೆಕಾರ್ಡಿಲ್ಲ. ಗಿರಾಕಿ ಬಟನ್ ಒತ್ತಿದರೆ ಮಷಿನ್ನಿನ ದಿನ ತಾನೇ ನಿಗದಿಯಾಗುತ್ತದೆ. ಕನ್ನಡದಲ್ಲಿ ಹೇಳಲು ಒಂದು ಧ್ವನಿ ಬೇಕು ಅಷ್ಟೇ ಎಂದ ಕಂಪನಿಯವನು. "ನಮ್ಮಾಕಿ ಅದಾಳಲ್ಲ" ಎಂದರು ಸಾವಕಾರರು.

ಒಮ್ಮೆ ಧ್ವನಿ ಕೊಟ್ಟಮೇಲೆ ಉಳಿದ ನನ್ನಿಂದ ಅವರಿಗೇನು ಕೆಲಸ? ಅವನು ನನ್ನಿಂದ ರೈಲ್ವೆ ಸ್ಟೇಷನ್ನಿನ ಕನ್ನಡ ಮಾತಾಡಿಸಿದ: "ನಮಸ್ಕಾರ. ಯಂತ್ರವನ್ನು ಕಾಯ್ದಿರಿಸಲು ಒಂದನ್ನು ಒತ್ತಿ. ದರ ತಿಳಿಯಲು ಎರಡನ್ನು ಒತ್ತಿ." ಕೇಳಿದರೆ ನನಗೇ ನನ್ನ ಗುರುತು ಹತ್ತಲಿಲ್ಲ. ನನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆ ಸಾವಕಾರರು "ಸುಗ್ಗಿ ಮುಗೀಲಿ, ನೋಡೂಣು" ಎಂದರು. ಅವರು ನೋಡೂಣು ಎಂದ ಯಾವುದೂ ಇವತ್ತಿನ ತನಕ ಚಲೋ ಆಗಿಲ್ಲ.

ಸುಗ್ಗಿ ಬಂತು, ಹಾಕಿಸಿದ ಆ ಫೋನಿನಲ್ಲಿ ಮಷಿನ್ನು ಬೇಕೆಂದು ಹೇಳುವವರೇ ಇಲ್ಲ. ಒಂದು ಮಧ್ಯಾಹ್ನ ನಮ್ಮ ಹಳೇ ಗಿರಾಕಿ, ಬಾಜೂ ಊರಿನ ಅಜ್ಜ, ಸಿಟ್ಟಿನಿಂದ ಬಂದ. ನಾನು ಕುರ್ಚಿ ಎಳೆದು, ನೀರು ಕೊಟ್ಟು, "ಊಟ ಆತ್ರಿ ಅಜ್ಜಾರ?" ಎಂದೆ.

"ಆತವಾ, ನಿಂದು?" ಎಂದವನೇ ಸಾವಕಾರರ ಕಡೆ ತಿರುಗಿದ. "ಸಾವಕಾರ್ರ, ಫೋನಿನ್ಯಾಗ ಎಂಥಾಕೀನ ತಂದು ಕುಂದರ್ಸೀರಿ? ಊಟ ಆತೇನವಾ ಅಂದ್ರ ಒಂದು ಒತ್ತು ಅಂತಾಳ. ಮನ್ಯಾಗ ಎಲ್ಲಾರೂ ಆರಾಮೇನು ಅಂದ್ರ ಎರಡು ಒತ್ತು ಅಂತಾಳ. ಎಷ್ಟ ಸೊಕ್ಕಿದ್ದೀತು ಆಕಿಗೆ? ಆಕಿ ಇರೂಮಟಾ ನಮ್ಮೂರಾಗ ಯಾರೂ ನಿಮ್ಮ ಮಷಿನ್ ಕರಿಯೂದಿಲ್ಲ."

ಗಿರಾಕಿಗಳನ್ನೆಲ್ಲ ಓಡಿಸಿದ ಧ್ವನಿ ನನ್ನದು. ಆ ಫೋನಿನಿಂದ ಕೆಲಸ ಹೋದೀತೆಂದು ಹೆದರಿದ್ದೆ, ಈಗ ಅದರ ತಪ್ಪಿಗೇ ಹೋಗುವಂತಿತ್ತು. ಸಾವಕಾರರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

"ಏನ್ ಮಾಡೂಣ್ರಿ ಅಜ್ಜಾರ, ನೀವ ಹೇಳ್ರಿ" ಎಂದರು.

"ಮಾಡೂದೇನು? ಆಕೀನ ಇವತ್ತ ಬಿಡಸ್ರಿ. ಮೊದ್ಲಿನಂಗ ಈಕೀನ ಕುಂದರ್ಸ್ರಿ, ಈಕಿ ಮನಿಶ್ಯಾರ್ನ ಮಾತಾಡ್ಸತಾಳ." ಅಷ್ಟು ಹೇಳಿ ಅಜ್ಜನಿಗೆ ಏನೋ ಅನುಮಾನ ಬಂತು. ನನ್ನ ಕಡೆ ಬಗ್ಗಿ ಸಣ್ಣ ದನಿಯಲ್ಲಿ, "ಆಕಿ ನಿಮ್ಮ ಪೈಕಿ ಏನಲ್ಲಲ್ಲವಾ?" ಎಂದ.

"ಅಲ್ರಿ ಅಜ್ಜಾರ," ಎಂದೆ. "ಆಕಿ ಯಾರೋ ಏನೋ, ನನಗ ಗೊತ್ತಿಲ್ಲ."

ಅಜ್ಜನಿಗೆ ಸಮಾಧಾನವಾಯಿತು. ಎದ್ದು ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಕೇಳಿದ್ರಿಲ್ಲೋ ಸಾವಕಾರ್ರ? ಆಕೀನ ಬಿಡಸ್ರಿ. ಆಕಿ ಪಗಾರಾನೂ ಈಕಿಗೇ ಕೊಡ್ರಿ."

ಸಾವಕಾರರು ಎರಡಕ್ಕೂ ಹೂಂ ಎಂದರು. ಮೊದಲನೆಯದನ್ನು ಅವತ್ತೇ ಮಾಡಿದರು. ಎರಡನೆಯದನ್ನು ಕೇಳಿದರೆ, ನೋಡೂಣು ಅನ್ನುತ್ತಾರೆ.